ಒಣ ಬೋರಿನ ಭೂವಿಜ್ಞಾನಿ

ಪಿಎಚ್‌ಡಿ ಮಾಡುವವರನ್ನು ಥೀಸಿಸ್ ಎಲ್ಲಿಗೆ ಬಂತು ಎಂದು ಕೇಳಬಾರದಂತೆ. ಕೇಳಲಿ ಬಿಡಿ, ಅದಕ್ಕೆ ಹೇಗೋ ತಪ್ಪಿಸಿಕೊಳ್ಳುವುದನ್ನು ನಾನು ಕಲಿತಿದ್ದೇನೆ. ನನಗೆ ಬೆವರಿಳಿಸುತ್ತಿದ್ದುದು ಮದುವೆಯ ಪಂಕ್ತಿಯಲ್ಲಿ ಪಕ್ಕದವರು ಹೋಳಿಗೆ ಮುರಿಯುತ್ತ ಕೇಳುವ ಸಾದಾ ಪ್ರಶ್ನೆ: "ನೀ ಏನ್ ಮಾಡ್ತೀಯವ್ವ?" ಮಾಸ್ತರರು, ವಕೀಲರು, ಬ್ಯಾಂಕಿನವರು ಇದಕ್ಕೆ ಒಂದೇ ಮಾತಿನಲ್ಲಿ ಉತ್ತರಿಸಿ ಊಟ ಮುಂದುವರಿಸುತ್ತಾರೆ. ನಾನು ಮಾತ್ರ "ಓದಾಕತ್ತೀನ್ರಿ" ಅನ್ನುತ್ತಿದ್ದೆ. "ಇನ್ನೂ?" ಎಂದು ಅವರು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸುತ್ತಿದ್ದರು. ಪಾಪ, ಪದೇ ಪದೇ ನಪಾಸಾಗುತ್ತಿರುವ ಹುಡುಗಿ, ಉಣ್ಣಲಿ ಎಂದು.

ನಾನು ಓದುತ್ತಿರುವುದು ಭೂವಿಜ್ಞಾನ. ವಿಶ್ವವಿದ್ಯಾಲಯ ಹೈದರಾಬಾದಿನಲ್ಲಿ, ಮನೆ ಜಹೀರಾಬಾದಿನಲ್ಲಿ, ಸಂಶೋಧನೆ ನಾರಾಯಣಖೇಡದ ಸುತ್ತಲಿನ ನೆಲದಡಿಯ ನೀರಿನ ಮೇಲೆ. ಹೊಲದಲ್ಲಿ ಕಬ್ಬಿಣದ ಗೂಟ ಹೊಡೆದು, ತಂತಿ ಎಳೆದು, ನೆಲದೊಳಗೆ ಕರೆಂಟ್ ಹರಿಸಿ, ಕೆಳಗೆ ಎಂಥ ಕಲ್ಲಿದೆ, ಎಲ್ಲಿ ತೇವವಿದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಅವ್ವ ಇದನ್ನು ನೆರೆಮನೆಯವರಿಗೆ "ಕಂಪ್ಯೂಟರ್‌ದಾಗ ಏನೋ ಮಾಡ್ತಾಳ್ರಿ" ಎಂದು ವಿವರಿಸುತ್ತಾಳೆ. ಮಗಳು ಬಿಸಿಲಲ್ಲಿ ಸುತ್ತಿಗೆ ಹಿಡಿದು ಕಲ್ಲು ಕುಟ್ಟುತ್ತಾಳೆ ಅನ್ನುವುದಕ್ಕಿಂತ ಅದು ಮರ್ಯಾದೆಯ ಮಾತು. ಇನ್ನು ಅವ್ವನ ತಮ್ಮ, ತಾಂಡೂರಿನ ನಮ್ಮ ಮಾಮಾ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರಿ. "ಕಲ್ಲಿನ ಮ್ಯಾಲ ಇಷ್ಟ್ ಓದಬೇಕೇನು? ನಾ ಹತ್ತನೇತ್ತ ಫೇಲ್. ದಿನಾ ಲಾರಿ ತುಂಬಿ ಕಲ್ಲು ಕಳಸ್ತೀನಿ" ಎಂದು ಅವನ ವಾದ. ಅವನೇ ಜಹೀರಾಬಾದಿನ ಒಂದು ಟ್ರ್ಯಾಕ್ಟರ್ ಶೋರೂಮಿನಲ್ಲಿ ನನಗೊಂದು ಕೆಲಸವನ್ನೂ ಗೊತ್ತು ಮಾಡಿದ್ದ. "ಏಸಿ ಅದ, ತಿರಗೋ ಕುರ್ಚಿ ಅದ. ಸೋಮವಾರ ಹಾಜರಾಗು." ನಿಜ ಹೇಳಬೇಕೆಂದರೆ ನಾನು ಹೂಂ ಅಂದಿದ್ದೆ. ತಿರುಗುವ ಕುರ್ಚಿಯಲ್ಲಿ ಕುಳಿತವಳನ್ನು "ಇನ್ನೂ?" ಎಂದು ಯಾರೂ ಕೇಳುವುದಿಲ್ಲ.

ಅದೇ ವಾರ ನಾರಾಯಣಖೇಡದ ಹತ್ತಿರದ ಸಿರ್ಗಾಪುರದಿಂದ ದೊಡ್ಡಪ್ಪನ ಫೋನು. "ಹೊಲದಾಗ ಬೋರ್ ಹಾಕಸ್ಬೇಕು ತಂಗಿ. ಎಲ್ಲಾರೂ ತೆಂಗಿನಕಾಯಿ ಹಿಡದು ನೀರಿನ ಪಾಯಿಂಟ್ ತೋರ್ಸಾವನ್ನ ಕರಿ ಅಂತಾರ. ಮನ್ಯಾಗ ಪಿಎಚ್‌ಡಿ ಹುಡುಗಿ ಇರ್ಬೇಕಾದ್ರ ಕಾಯಿ ಯಾಕ ಬೇಕು? ನೀನೇ ಬಂದು ತೋರ್ಸು."

ಜೀವನದಲ್ಲಿ ಮೊದಲ ಬಾರಿಗೆ ಯಾರೋ ನನ್ನ ಓದಿನಿಂದ ಏನನ್ನೋ ಬಯಸಿದ್ದರು. ಯಂತ್ರ ಹೊತ್ತು ಹೋದೆ. ಗೂಟ ಹೊಡೆದೆ, ತಂತಿ ಎಳೆದೆ. ಬೇವಿನ ಗಿಡದ ಪಕ್ಕದಲ್ಲಿ ಕರೆಂಟ್ ಸರಾಗವಾಗಿ ಹರಿಯಿತು. ಅಂದರೆ ಕೆಳಗೆ ತೇವ! "ಇಲ್ಲೇ ಹೊಡಸ್ರಿ ದೊಡ್ಡಪ್ಪ" ಅಂದೆ. ಆ ದನಿ ನನ್ನದೇ ಎಂದು ನಂಬಲು ನನಗೇ ಕಷ್ಟವಾಯಿತು.

ಬೋರಿನ ಲಾರಿ ಬಂತು. ಕಾಯಿ ಒಡೆದು ಪೂಜೆ ಆಯಿತು. ನನ್ನನ್ನು ಶೋರೂಮಿಗೆ ಒಯ್ಯುವ ನೆಪದಲ್ಲಿ ಮಾಮಾ ಕೂಡ ತಮಾಷೆ ನೋಡಲು ಬಂದಿದ್ದ. ಮೊದಲು ಬೂದು ಧೂಳು ಹಾರಿತು, ಆಮೇಲೆ ಕರಿ ಧೂಳು, ಆಮೇಲೆ ಕೆಂಪು. "ಕೆಂಪ ಬಂತು, ಇನ್ನ ನೀರು ಬಂದಂಗೇ" ಎಂದು ಯಾರೋ ಕೂಗಿದರು. ಮತ್ತೆ ಕರಿ ಧೂಳೇ ಬಂತು. ಬಹಳ ಹೊತ್ತಿನ ಮೇಲೆ ಬೋರಿನ ಯಂತ್ರ ನಿಂತಿತು. ಅದನ್ನು ನಡೆಸುತ್ತಿದ್ದವನು ಮುಖ ಒರೆಸಿಕೊಂಡು ತೆಲುಗಿನಲ್ಲಿ ಹೇಳಿದ: "ನೀಳ್ಳು ಲೇವು ಮೇಡಂ." ನೀರಿಲ್ಲ.

ದೊಡ್ಡಪ್ಪ ಬದುವಿನ ಮೇಲೆ ಕುಸಿದು ಕುಳಿತರು. "ಗೂಟ ಬಡದು, ತಂತಿ ಎಳದು, ಧೂಳ ತಗದಾಳ ನೋಡ್ರಿ!" ಎಂದು ಮಾಮಾ ಸಾರಿದ. ಹೊಲದಲ್ಲಿದ್ದವರೆಲ್ಲ ನಕ್ಕರು. ಅಳುವುದಕ್ಕೆ ತಕ್ಕ ಸಮಯವೇ ಅದು, ನನ್ನ ಮುಖವೂ ಸಿದ್ಧವಾಗಿತ್ತು. ಆದರೆ ಕಣ್ಣು ಆ ಕೆಂಪು ಧೂಳಿನ ಗುಡ್ಡೆಯ ಮೇಲೆ ಬಿತ್ತು.

ಅದು ಎರಡು ಕರಿಕಲ್ಲಿನ ಪದರಗಳ ನಡುವೆ ಸಿಕ್ಕಿಕೊಂಡಿದ್ದ ಜೇಡಿಮಣ್ಣು. ಜೇಡಿಯಲ್ಲೂ ಕರೆಂಟ್ ನೀರಿನಲ್ಲಿ ಹರಿದಂತೆಯೇ ಹರಿಯುತ್ತದೆ. ನನ್ನ ಯಂತ್ರ ಸುಳ್ಳು ಹೇಳಿರಲಿಲ್ಲ, ನಾನು ತಪ್ಪು ಓದಿದ್ದೆ. ಅದಕ್ಕಿಂತ ದೊಡ್ಡ ವಿಷಯವೆಂದರೆ, ನನ್ನ ಥೀಸಿಸ್ಸಿನ ನಕ್ಷೆಯಲ್ಲಿ ಈ ಜೇಡಿಯ ಪಟ್ಟಿ ಊರಿನ ಆಚೆಯೇ ಮುಗಿದುಹೋಗಿತ್ತು. ಇಲ್ಲಿ ನೋಡಿದರೆ ಅದು ದೊಡ್ಡಪ್ಪನ ಹೊಲದಡಿ ಹಾಯಾಗಿ ಮಲಗಿದೆ! ಇನ್ನೂ ಎಷ್ಟು ದೂರ ಹೋಗಿರಬಹುದು? ನನಗೆ ನಾಚಿಕೆಪಡಲು ಪುರಸೊತ್ತೇ ಸಿಗಲಿಲ್ಲ. "ದೊಡ್ಡವ್ವಾ, ಕ್ಯಾರಿಬ್ಯಾಗ್ ಇದ್ರ ಕೊಡ್ರಿ" ಎಂದು ಧೂಳಿನಲ್ಲಿ ಮೊಣಕಾಲೂರಿ ಕುಳಿತು, ಬಣ್ಣ ಬದಲಾದ ಕಡೆಯಿಂದೆಲ್ಲ ಒಂದೊಂದು ಹಿಡಿ ತುಂಬತೊಡಗಿದೆ. ದೊಡ್ಡವ್ವ ಪೂಜೆಯ ಸಾಮಾನು ಸುರುವಿ ಚೀಲಗಳನ್ನು ಕೊಟ್ಟರು, ಹಣೆ ಮುಟ್ಟಿ ಜ್ವರ ಇದೆಯೇ ಎಂದೂ ನೋಡಿದರು.

"ಏಳು, ಮಂದಿ ನೋಡಾಕತ್ತಾರ" ಎಂದ ಮಾಮಾ. "ಸೋಮವಾರ ಕೆಲಸಕ್ಕ ಹೋಗೋದದ."

"ನಾ ಬರಂಗಿಲ್ಲ ಮಾಮಾ. ನನಗ ಕೆಲಸ ಅದ."

"ಏನ್ ಕೆಲಸ?"

"ನಾ ಜಿಯಾಲಜಿಸ್ಟ್."

"ನೀರೇ ಬಂದಿಲ್ಲ, ಎಂಥಾ ಜಿಯಾಲಜಿಸ್ಟ್?"

"ಪೇಷಂಟ್ ಸತ್ರ ಡಾಕ್ಟರ್ ಏನು ಕಂಪೌಂಡರ್ ಆಗ್ತಾನೇನು?"

ಬದುವಿನ ಮೇಲಿಂದ ದೊಡ್ಡಪ್ಪ ತಲೆಯೆತ್ತಿದರು. "ಅಂದ್ರ ಸತ್ತಿದ್ದು ನನ್ನ ಹೊಲ ಏನವ್ವ?" ಎಂದು ಕೇಳಿ, ಮೊದಲು ತಾವೇ ನಕ್ಕರು. ಆ ನಗುವಿಗಾಗಿ ನಾನು ಅವರಿಗೆ ಜನ್ಮಪೂರ್ತಿ ನೀರು ಹುಡುಕಿಕೊಡಬೇಕು.

ಶೋರೂಮಿನ ಕುರ್ಚಿಯಲ್ಲಿ ಈಗ ಬೇರೆ ಯಾರೋ ತಿರುಗುತ್ತಿದ್ದಾರೆ. ನಾನು ಚೀಲಗಳನ್ನು ಹೈದರಾಬಾದಿಗೆ ಒಯ್ದು ಗೈಡ್ ಮೇಡಂ ಅವರ ಮೇಜಿನ ಮೇಲೆ ಸಾಲಾಗಿಟ್ಟು, ಅವರು ಮೆಚ್ಚಿದ್ದ ನಕ್ಷೆಯೇ ತಪ್ಪು ಎಂದು ವಾದಕ್ಕೆ ನಿಂತೆ. ಅವರು ಕನ್ನಡಕ ತೆಗೆದು ನೋಡಿ, "ಇಷ್ಟು ದಿನ ವಿದ್ಯಾರ್ಥಿನಿ ಬರುತ್ತಿದ್ದಳು, ಇವತ್ತು ಜಗಳಕ್ಕೆ ಸಹೋದ್ಯೋಗಿ ಬಂದಿದ್ದಾಳೆ" ಎಂದರು. ಒಂದು ಅಧ್ಯಾಯ ಪೂರ್ತಿ ಹೊಸದಾಗಿ ಬರೆಯಬೇಕಾಯಿತು. ಬರೆಯುತ್ತಿದ್ದೇನೆ.

ದೊಡ್ಡಪ್ಪ ಆಮೇಲೆ ಇನ್ನೊಮ್ಮೆ ಕರೆಸಿದರು. ಹೊಸ ಲೆಕ್ಕ ಹಾಕಿ ಮೂಡಣ ಬದುವಿನ ಜಾಗ ತೋರಿಸಿದೆ. ಅವರು ಶ್ರದ್ಧೆಯಿಂದ ಕೇಳಿಸಿಕೊಂಡು ಪಡುವಣ ಬದುವಿನಲ್ಲಿ ಬೋರ್ ಹಾಕಿಸಿದರು. ನೀರು ಚಿಮ್ಮಿತು. ನಾನು ಹೇಳಿದ ಕಡೆಯೂ ಚಿಮ್ಮುತ್ತಿತ್ತು ಎಂದು ಈಗಲೂ ವಾದಿಸುತ್ತೇನೆ. ಆದರೆ ಅಲ್ಲಿ ಅಗೆದು ನೋಡಲು ಯಾರೂ ತಯಾರಿಲ್ಲ.

ಸುದ್ದಿ ತಾಂಡೂರಿನ ತನಕ ಹೋಗಿದೆ. ಮೊನ್ನೆ ಮಾಮಾನೇ ಫೋನ್ ಮಾಡಿದ. ಪೆದ್ದೆಮುಲ್‌ನಲ್ಲಿ ಅವನ ಗೆಳೆಯರೊಬ್ಬರು ಬೋರ್ ಹಾಕಿಸುವವರಂತೆ. "ನೀ ಬಂದು ಒಂದ್ ಪಾಯಿಂಟ್ ತೋರ್ಸವ್ವ. ಅದೊಂದು ಬಿಟ್ಟು ಬ್ಯಾರೆ ಎಲ್ಲಾದ್ರೂ ಹೊಡಸ್ತೀವಿ."

ಯಾವತ್ತು ಬರಲಿ ಎಂದು ಕೇಳಿ, ಯಂತ್ರದ ಬ್ಯಾಟರಿ ಚಾರ್ಜಿಗೆ ಹಾಕಿದ್ದೇನೆ. ಎಲ್ಲಿ ಅಗೆಯಬಾರದು ಎಂದು ತಿಳಿಯುವುದಕ್ಕೂ ಅವರಿಗೆ ಭೂವಿಜ್ಞಾನಿಯೇ ಬೇಕಾಯಿತಲ್ಲ!