ಹೊಟ್ಟೆಯ ಹರಕೆ

ಪ್ರಾಣೇಶರಾಯರು ಮೋತಿಯನ್ನು ಮೊದಲ ಸಲ ಕಂಡದ್ದು ರಾಯಚೂರಿನ ತಾಲೂಕ್ದಾರ ಕಚೇರಿಯ ಹಿಂದಿನ ಬೇವಿನ ಮರದ ಕೆಳಗೆ. ದಸರೆ ಮುಗಿದಿತ್ತು. ಬಿಸಿಲು ಇನ್ನೂ ಗೋಡೆಯ ತಲೆಯ ಮೇಲೆಯೇ ಇತ್ತು. ಮೋತಿ ಕಂದು ಬಣ್ಣದ ಕುದುರೆ. ಹಣೆಯ ಮೇಲೆ ಅಕ್ಷತೆ ಇಟ್ಟಂಥ ಬಿಳಿ ಮಚ್ಚೆ, ತುದಿ ಹರಿದ ಎಡಗಿವಿ, ಬಾಯಲ್ಲಿ ಜೋಳದ ಕಣಿಕೆ. ರಾಯರು ಹತ್ತಿರ ಹೋದಾಗ ಅದು ಮೇಯುವುದನ್ನು ನಿಲ್ಲಿಸಿತು. ಪಾದದಿಂದ ಶುರುಮಾಡಿ ರುಮಾಲಿನವರೆಗೆ ಅವರನ್ನು ನಿಧಾನವಾಗಿ ನೋಡಿತು. ನಡುವೆ ಒಂದು ಕಡೆ ಮಾತ್ರ ಸ್ವಲ್ಪ ಹೆಚ್ಚು ಹೊತ್ತು ತಡೆಯಿತು. ಆಮೇಲೆ ಮುಖ ತಿರುಗಿಸಿ ಮತ್ತೆ ಮೇಯತೊಡಗಿತು.

ಗಬ್ಬೂರಿನ ಪಡಸಾಲೆಯಲ್ಲಿ ಅವರ ಮಾವ ಅವರನ್ನು ಮೊದಲ ಸಲ ನೋಡಿದ್ದೂ ಹೀಗೆಯೇ. ಆದರೆ ಮಾವ ಹುಡುಗ ಬಿ.ಎ. ಅಂತ ಕೇಳಿ ಒಪ್ಪಿಕೊಂಡಿದ್ದರು. ಮೋತಿಗೆ ಬಿ.ಎ. ಎಂದರೇನೆಂದು ಗೊತ್ತಿರಲಿಲ್ಲ.

ಈ ಭೇಟಿಗೆಲ್ಲ ಕಾರಣ ರಾಯರ ಬಾಯಿ. ಬಾಗಲವಾಡದ ಅರ್ಚಕರ ಮನೆಯಲ್ಲಿ ಹುಟ್ಟಿ, ಕಂದೀಲಿನ ಬೆಳಕಿನಲ್ಲಿ ಓದಿ, ಹೈದರಾಬಾದಿಗೆ ಹೋಗಿ ಪದವಿ ಪಡೆದು ಬಂದ ಆ ಮನೆತನದ ಮೊದಲ ಮನುಷ್ಯ ಅವರು. ಕಚೇರಿಯಲ್ಲಿ ಗುಮಾಸ್ತರಾಗಿ ಕೂತವರು ಕೂತೇ ಇದ್ದರು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟುಗಳು, ಬಸ್ತೆಗಳು, ದಿನಾ ಅವರ ಮುಂದೆ ಬಂದು ಬೀಳುತ್ತಿದ್ದವು. ಮುಗಿಯದ್ದನ್ನು ಬಗಲಲ್ಲಿ ಹೊತ್ತು ಮನೆಗೆ ತರುತ್ತಿದ್ದರು. ಮೆದುಳು ಸವೆಯಿತು, ಹೊಟ್ಟೆ ಬೆಳೆಯಿತು. ಅಷ್ಟರಲ್ಲಿ ದೇವದುರ್ಗದ ಗಿರ್ದಾವರಿ, ಅಂದರೆ ಹಳ್ಳಿ ಹಳ್ಳಿ ತಿರುಗಿ ಬೆಳೆ ಮತ್ತು ಕಂದಾಯ ನೋಡುವ ಕೆಲಸ, ಖಾಲಿಯಾಗುವುದಿತ್ತು. ಜಿಲ್ಲೆಗೆಲ್ಲ ದೊಡ್ಡವರಾದ ತಾಲೂಕ್ದಾರ ಸಾಹೇಬರು ರಾಯರನ್ನು ಕರೆದು ಉರ್ದುವಿನಲ್ಲಿ ಒಂದೇ ಮಾತು ಕೇಳಿದರು. ಕುದುರೆ ಏರಲು ಬರುತ್ತದೆಯೇ? ಏರಲು ಬಾರದವರಿಗೆ ಗಿರ್ದಾವರಿ ಇಲ್ಲ.

"ಚಿಕ್ಕಂದಿನಿಂದ ರೂಢಿ ಅದ, ಸಾಹೇಬ್" ಎಂದರು ರಾಯರು.

ಚಿಕ್ಕಂದಿನಲ್ಲಿ ಅವರು ಏರಿದ್ದು ಎಮ್ಮೆ. ಸಾಹೇಬರು ಅದನ್ನು ಕೇಳಿರಲಿಲ್ಲವಲ್ಲ!

"ಒಳ್ಳೆಯದು. ನಾನು ದೌರೆ ಮುಗಿಸಿ ಬಂದಮೇಲೆ, ಉಗಾದಿಗೆ ಮುಂಚೆ, ಏರಿ ತೋರಿಸು" ಎಂದು ಹೇಳಿ ಸಾಹೇಬರು ಊರೂರು ತಿರುಗಲು ಹೊರಟುಹೋದರು.

ಹಾಗಾಗಿ ರಾಯರು ಆ ಬೆಳಿಗ್ಗೆ ಯಾರೂ ಇಲ್ಲದ ಹೊತ್ತು ನೋಡಿ ಕುದುರೆಯ ಬಳಿ ಬಂದಿದ್ದರು. ಕುದುರೆ ನೋಡಿಕೊಳ್ಳುವ ಜಿಲಾನಿ ಪಾಷಾ ಜೀನು ಬಿಗಿದು ಕೊಟ್ಟ. ರಾಯರು ಎಡಗಾಲು ಎತ್ತಿದರು. ಕಾಲು ಅರ್ಧದವರೆಗೆ ಬಂತು, ಹೊಟ್ಟೆ ಅಡ್ಡ ಬಂತು, ಕಾಲು ಕೆಳಗೆ ಹೋಯಿತು. ಬಲಗಾಲಿನಿಂದ ನೋಡಿದರು. ಹೊಟ್ಟೆ ಅಲ್ಲಿಯೂ ಇತ್ತು. ಮೂರನೆಯ ಕಾಲು ಇರಲಿಲ್ಲವಾದ್ದರಿಂದ ನಿಂತುಕೊಂಡರು. ಅಷ್ಟರಲ್ಲಿ ದೋತರದ ಕಚ್ಚೆ ಬಿಚ್ಚಿತು.

"ಕುದ್ರಿ ಅಡ್ಡಾಡಾಕತ್ತದ, ಸರಿಯಾಗಿ ಹಿಡಿ" ಎಂದರು ರಾಯರು.

"ಕುದ್ರಿ ಕಂಬದ್ಹಾಂಗ ನಿಂತದ, ರಾಯರ್ರ. ನಿಮಗೂ ಅದಕ್ಕೂ ನಡುವ ಯಾರೋ ಒಬ್ರು ಬಂದು ನಿಂತಾರ. ಅವ್ರು ಸರದ್ರ ನೀವು ಏರ್ತೀರಿ" ಎಂದ ಜಿಲಾನಿ ಪಾಷಾ, ಅವರ ಹೊಟ್ಟೆಯ ಕಡೆ ಅದಬಿನಿಂದ ತಲೆಬಾಗಿ ಕೈ ತೋರಿಸಿ.

ರಾಯರು ಅಲ್ಲಿಯೇ ಶಪಥ ಮಾಡಿದರು. ಹಸ್ತಿನಾಪುರದ ಸಭೆಯಲ್ಲಿ ಭೀಮಸೇನ ಮಾಡಿದ್ದಕ್ಕಿಂತ ಅದು ಗಟ್ಟಿಯಾಗಿತ್ತು. ಉಗಾದಿಯೊಳಗೆ ಈ ಹೊಟ್ಟೆಯನ್ನು ಕರಗಿಸುವುದು, ಮೋತಿಯ ಬೆನ್ನ ಮೇಲೆ ದೇವದುರ್ಗ ಪ್ರವೇಶಿಸುವುದು.

ಮನೆಗೆ ಬಂದವರೇ ಹೆಂಡತಿಗೆ ಹೇಳಿದರು. "ತುಂಗಾ, ನಾಳಿಂದ ವ್ಯಾಯಾಮ ಶುರು ಮಾಡೋನದೀನಿ."

ತುಂಗಾಬಾಯಿ ರೊಟ್ಟಿ ತಿರುವಿ ಹಾಕುತ್ತ ಕೇಳಿದರು. "ನಿಮ್ಮ ನಾಳಿ ಯಾವ ತಿಂಗಳದಾಗ ಬರ್ತದ್ರೀ?"

"ನಗಬ್ಯಾಡ. ಗಿರ್ದಾವರಿ ಸಿಕ್ರ ದೇವದುರ್ಗ. ದೇವದುರ್ಗ ಅಂದ್ರ ನಿನ್ನ ತವರು ಕೂಗಳತಿ ದೂರ."

ರೊಟ್ಟಿ ತಿರುವುತ್ತಿದ್ದ ಕೈ ನಿಂತಿತು. ತುಂಗಾಬಾಯಿಯ ತಂದೆಗೆ ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು. ವರ್ಷಕ್ಕೊಮ್ಮೆ ಗಬ್ಬೂರಿಗೆ ಹೋಗಿ ಬರುವುದರಲ್ಲಿ ಆಕೆಗೆ ಸಮಾಧಾನವಿರಲಿಲ್ಲ. ಗಂಡನ ಹೊಟ್ಟೆಯನ್ನು ಆಕೆ ಮೊದಲ ಸಲ ಗಂಭೀರವಾಗಿ ನೋಡಿದರು. ಮದುವೆಯಲ್ಲಿ ಆಕೆಯ ತಂದೆ ಹಾಕಿದ ಬೆಳ್ಳಿಯ ಉಡದಾರ ಆಗ ನಡುವಿನಿಂದ ಜಾರುತ್ತಿತ್ತು. ಈಗ ಅದು ಎಲ್ಲಿದೆಯೆಂದು ಹುಡುಕಬೇಕಿತ್ತು.

"ಕುದ್ರಿ ಸುದ್ದಿ ನನಗ ಗೊತ್ತಿಲ್ಲ. ನಮ್ಮಪ್ಪ ಹಾಕಿದ ಉಡದಾರ ಸಡಲಾಗಲಿ, ಸಾಕು" ಎಂದರು.

ಮರುದಿನ ಬೆಳಗಾಗುವ ಮುಂಚೆ ರಾಯರು ಪಡಸಾಲೆಯಲ್ಲಿ ದಂಡ ಹೊಡೆಯಲು ಬಿದ್ದರು. ಮುಂದಕ್ಕೆ ಹೋಗುವುದು ಸುಲಭವಾಯಿತು, ಏಕೆಂದರೆ ಅದು ಬೀಳುವುದೇ ಆಗಿತ್ತು. ಏಳಲೆಂದು ಕಾಲು ಹಿಂದಕ್ಕೆ ಝಾಡಿಸಿದರು. ಆ ಹೊತ್ತಿಗೆ ತುಂಗಾಬಾಯಿ ಸ್ನಾನ ಮಾಡಿ, ಮಡಿಯುಟ್ಟು, ಮಡಿನೀರಿನ ಕೊಡ ಹೊತ್ತು ಹಿಂದಿನಿಂದ ಬರುತ್ತಿದ್ದರು. ಕಾಲು ಸೀರೆಗೆ ತಗಲಿತು. ಮಡಿ ಹೋಯಿತು, ನೀರು ಹೋಯಿತು, ಆಕೆ ಮತ್ತೆ ತಣ್ಣೀರು ಸುರುವಿಕೊಳ್ಳಬೇಕಾಯಿತು. ಅದರ ಮರುದಿನ ಬೇರೆ ಮೂಲೆ ಹುಡುಕಿದರು. ಆ ಮೂಲೆಯಲ್ಲಿ ಮಡಿಬಟ್ಟೆ ಒಣಹಾಕುವ ಬಿದಿರಿನ ಗಳು ಇತ್ತು. ಕೈ ಎತ್ತಿದ ಕೂಡಲೇ ಅದು ಬಟ್ಟೆ ಸಮೇತ ಅವರ ಕೊರಳಿಗೆ ಬಂತು.

ತುಂಗಾಬಾಯಿ ಮತ್ತೆ ತಣ್ಣೀರಲ್ಲಿ ಮಿಂದು ನಡುಗುತ್ತ ಬಂದು ನಿಂತರು. "ನಿಮ್ಮ ಹೊಟ್ಟಿ ಕರಗೂದ್ರೊಳಗ ನಾ ಕರಗಿ ಹೋಗ್ತೀನ್ರೀ. ಎಲ್ಯಾರ ಹೊರಗ ಹೋಗಿ ಹಾರಾಡ್ರಿ."

ಹೊರಗೆಂದರೆ ರಸ್ತೆ. ರಾಯರು ಕಚ್ಚೆ ಬಿಗಿದು ಯರಗೇರಾ ದಾರಿಯಲ್ಲಿ ಓಡತೊಡಗಿದರು. ಮೂರು ಮನೆ ದಾಟಿರಲಿಲ್ಲ, ಹಿಂದೆ ಜನ ಓಡಿ ಬಂದರು. ಆ ಕಾಲದಲ್ಲಿ ರುಮಾಲು ಸುತ್ತುವ ಮನುಷ್ಯ ಬರಿತಲೆಯಲ್ಲಿ ಬೆಳಿಗ್ಗೆ ಓಡಿದನೆಂದರೆ ಅದಕ್ಕೆ ಒಂದೇ ಅರ್ಥ.

"ರಾಯರ್ರ, ಯಾರು ತೀರಿಕೊಂಡ್ರು?"

ಉತ್ತರ ಕೊಡಲು ರಾಯರಿಗೆ ಉಸಿರಿರಲಿಲ್ಲ. ಉತ್ತರವಿಲ್ಲವೆಂದರೆ ಹತ್ತಿರದವರೇ ಹೋಗಿರಬೇಕೆಂದು ಜನ ತಿಳಿದರು. ರಾಯರು ಏದುತ್ತ ಮನೆಗೆ ಬರುವಷ್ಟರಲ್ಲಿ ಓಣಿಯ ಹಿರಿಯರಾದ ಸತ್ಯಭಾಮಾಬಾಯಿ ಅಂಗಳದಲ್ಲಿ ಕೂತು ತುಂಗಾಬಾಯಿಯನ್ನು ಸಮಾಧಾನ ಮಾಡುತ್ತಿದ್ದರು. ತುಂಗಾಬಾಯಿ "ನಮ್ಮಪ್ಪಗ ಏನಾತು, ಖರೇ ಹೇಳ್ರೀ" ಎಂದು ಅಳುತ್ತಿದ್ದರು. ರಾಯರು ಹೆಂಡತಿಯನ್ನು ಒಳಗೆ ಕರೆದು ಖರೆ ಹೇಳಿದರು. ಆ ದಿನ ಕಚೇರಿಗೆ ಬುತ್ತಿ ಬರಲಿಲ್ಲ.

ಕೊನೆಗೆ ಅವರ ಬುದ್ಧಿಗೆ ಒಂದು ಜಾಗ ಹೊಳೆಯಿತು. ಮನುಷ್ಯ ಸುಮ್ಮನೆ ಸುತ್ತಿದರೂ ಯಾರೂ ಏಕೆಂದು ಕೇಳದ ಜಾಗ, ನೆಲಕ್ಕೆ ಬಿದ್ದು ಎದ್ದರೂ ಯಾರೂ ನಗದ ಜಾಗ. ಕೆರೆ ದಂಡೆಯ ಪ್ರಾಣದೇವರ ಗುಡಿ. ಸಮುದ್ರ ಹಾರಿದ ಆ ದೇವರೂ ವ್ಯಾಯಾಮದವನೇ, ಬೇಜಾರು ಮಾಡಿಕೊಳ್ಳಲಾರ. ನಸುಕಿನಲ್ಲಿ ಹೋಗಿ ಗುಡಿಯ ಸುತ್ತ ಬಿರುಸಾಗಿ ಸುತ್ತು ಹಾಕಿದರು. ಆಮೇಲೆ ದೇವರ ಎದುರು ದಂಡ ಹೊಡೆದರು. ಯಾರಾದರೂ ಬಂದರೆ ಕೈ ಜೋಡಿಸಿಬಿಟ್ಟರೆ ಅದು ನಮಸ್ಕಾರ. ಎಂಥ ಉಪಾಯ! ಮೊದಲ ವಾರ ಒಳ್ಳೆಯದಾಗಿಯೇ ಕಳೆಯಿತು. ಉಡದಾರ ಕೂಡ ಕಣ್ಣಿಗೆ ಬೀಳತೊಡಗಿತು.

ಒಂದು ಬೆಳಿಗ್ಗೆ ರಾಯರು ಐದಾರು ದಂಡ ಮುಗಿಸಿ ಮಕಾಡೆ ಬಿದ್ದುಕೊಂಡಿದ್ದಾಗ ಸತ್ಯಭಾಮಾಬಾಯಿ ಬಂದರು.

"ಪ್ರಾಣೇಶ, ಏನು ಹರಕಿ ಹೊತ್ತೀಯಪ್ಪಾ?"

ಹೊಟ್ಟೆಯ ಸಲುವಾಗಿ ಎಂದು ದೇವರ ಎದುರು ಹೇಗೆ ಹೇಳುವುದು? ರಾಯರು ಬಿದ್ದಲ್ಲಿಂದಲೇ ಕೈ ಜೋಡಿಸಿಬಿಟ್ಟರು.

"ಹೇಳಬ್ಯಾಡ, ಹೇಳಬ್ಯಾಡ. ಹರಕಿ ಬಾಯಿಬಿಟ್ಟು ಹೇಳಿದ್ರ ಫಲ ಇಲ್ಲ. ಬಿ.ಎ. ಓದಿದ್ರೂ ಇಂಥ ಭಕ್ತಿ ಉಳಿಸ್ಕೊಂಡೀಯಲ್ಲ" ಎಂದು ಕಣ್ಣೊರೆಸಿಕೊಂಡು ಹೋದರು. ಬಾಯಿಬಿಟ್ಟು ಹೇಳುವ ಕೆಲಸವನ್ನು ಆಕೆ ತಾವೇ ವಹಿಸಿಕೊಂಡರು. ಮಧ್ಯಾಹ್ನದೊಳಗೆ ಓಣಿಗೆಲ್ಲ ಗೊತ್ತಾಯಿತು, ಸಂಜೆಯೊಳಗೆ ಕಚೇರಿಗೆ.

ಹರಕೆ ಹೊತ್ತು ಸೇವೆ ಮಾಡುವವನಿಗೆ ಉಣಿಸಿದರೆ ಸೇವೆಯ ಪುಣ್ಯದಲ್ಲಿ ಉಣಿಸಿದವರಿಗೂ ಪಾಲು ಉಂಟು. ಇದು ಹಿಂದಿನಿಂದ ಬಂದ ಪದ್ಧತಿ. ತಾವು ನೆಲಕ್ಕೆ ಬೀಳದೆ ಪುಣ್ಯ ಸಿಗುವುದಾದರೆ ಯಾರು ಬಿಡುತ್ತಾರೆ? ಮರುದಿನ ಬೆಳಿಗ್ಗೆ ರಾಯರು ಕೊನೆಯ ಸುತ್ತು ಮುಗಿಸಿ ಬರುವಾಗ ಗುಡಿಯ ಕಟ್ಟೆಯ ಮೇಲೆ ಬಾಳೆಯೆಲೆ ಹಾಸಿತ್ತು. ಎಲೆಯ ಮೇಲೆ ಕಡಲೆಬೇಳೆ, ಬೆಲ್ಲದ ಹಯಗ್ರೀವ. ಅದರ ಮರುದಿನ ಹೋಳಿಗೆ. ಶನಿವಾರ ಎರಡು ಮನೆಯವರು ಒಟ್ಟಿಗೆ ಬಂದು, ಯಾರದು ಮೊದಲು ಉಣ್ಣಬೇಕೆಂದು ಜಗಳವಾಗಿ, ರಾಯರು ಎರಡೂ ಎಲೆಗೆ ಕೂತು ಶಾಂತಿ ಮಾಡಿಸಿದರು.

"ಸಾಕ್ರೀ ಅತ್ತ್ಯಾ, ಹೊಟ್ಟಿ ತುಂಬ್ಯದ."

"ಅದು ನಿನ್ನ ಹೊಟ್ಟೀಗಲ್ಲಪ್ಪಾ, ಹರಕೀಗೆ. ತುಪ್ಪ ಹಾಕ್ಕೋ" ಎನ್ನುವರು ಸತ್ಯಭಾಮಾಬಾಯಿ. ದೇವರ ನೈವೇದ್ಯ ಬಂದದ್ದನ್ನು ಬೇಡವೆನ್ನಲು ಅರ್ಚಕರ ಮಗನಿಗೆ ಬಾಯಿ ಬರಲಿಲ್ಲ. ಖರೆ ಹೇಳಬೇಕೆಂದರೆ, ಬಾಯಿಗೆ ಬಿಡುವಿರಲಿಲ್ಲ.

ಇನ್ನೊಂದು ಸಂಕಟ. ಕಚೇರಿಯಲ್ಲಿ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಪುಣ್ಯವಂತರ ಕೈ ತಗಲಲೆಂದು ಉಳಿದ ಗುಮಾಸ್ತರೂ ತಮ್ಮ ಬಸ್ತೆಗಳನ್ನು ಅವರ ಮೇಜಿಗೆ ತಂದಿಟ್ಟಿದ್ದರು. ದಣಿದ ರಾಯರು ಒಂದು ಬೆಳಿಗ್ಗೆ ಏಳಲಿಲ್ಲ. ಬೆಳಕು ಹರಿಯುವಷ್ಟರಲ್ಲಿ ಅಂಗಳದಲ್ಲಿ ಓಣಿಗೆ ಓಣಿಯೇ ನಿಂತಿತ್ತು.

"ನಡುವ ಬಿಟ್ರ ಹ್ಯಾಂಗ? ಹರಕಿ ತಪ್ಪಿದ್ರ ಓಣಿಗೇ ಕೇಡು."

"ಏಳ್ರಿ ರಾಯರ್ರ, ನಮ್ಮನಿ ಸಜ್ಜಕ ಆರಿ ಹೋಗಾಕತ್ತದ."

ಎಬ್ಬಿಸಿ, ಮುಖಕ್ಕೆ ನೀರು ಹಾಕಿ, ಇಬ್ಬರು ರಟ್ಟೆ ಹಿಡಿದು ಗುಡಿಗೆ ಒಯ್ದರು. ಅಂದಿನಿಂದ ಚಳಿಯಿರಲಿ ಜ್ವರವಿರಲಿ, ರಾಯರ ವ್ಯಾಯಾಮ ಒಂದು ದಿನವೂ ತಪ್ಪಲಿಲ್ಲ. ಇಡೀ ನಿಜಾಮರ ರಾಜ್ಯದಲ್ಲಿ ಅಷ್ಟು ನಿಯಮದಿಂದ ವ್ಯಾಯಾಮ ಮಾಡಿ ಅಷ್ಟು ನಿಯಮದಿಂದ ದಪ್ಪಗಾದ ಗುಮಾಸ್ತ ಇನ್ನೊಬ್ಬನಿರಲಾರ.

"ನೀವು ಗುಡಿ ಸುತ್ತತೀರಿ, ಹೋಳಗಿ ನಿಮ್ಮನ್ನ ಸುತ್ತತಾವ" ಎಂದರು ತುಂಗಾಬಾಯಿ. "ಉಡದಾರ ಎಲ್ಲದ್ರೀ?"

ರಾಯರು ತಡವಿ ನೋಡಿದರು. "ಇರಬೇಕು ಇಲ್ಲೇ ಎಲ್ಲೋ."

ತುಂಗಾಬಾಯಿ ನಗಲಿಲ್ಲ. ಗಬ್ಬೂರಿಗೆ ಹೇಳಿ ಕಳಿಸಿದ್ದಾಗಿತ್ತು. ಮಗಳು ಹತ್ತಿರ ಬರುತ್ತಾಳೆಂದು ಅಪ್ಪ ಕಟ್ಟೆಗೆ ಬಂದು ಕೂಡುತ್ತಿದ್ದಾರಂತೆ.

ಹೋಳಿಹುಣ್ಣಿಮೆ ಮುಗಿದ ಕೂಡಲೇ ಸಾಹೇಬರು ಬಂದರು. ರಾಯರು ಕಷ್ಟಪಟ್ಟು ಗುಂಡಿ ಹಾಕಿದ ಶೇರವಾನಿಯಲ್ಲಿ ಬೇವಿನ ಮರದ ಕೆಳಗೆ ಹಾಜರಾದರು. ಸಾಹೇಬರು ಕಚೇರಿಯ ಹಿಂಬದಿಯ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು. ಹರಕೆಯ ಫಲ ಇಂದು ಕಾಣುತ್ತದೆಂದು ಓಣಿಯವರು ಕಾಯಿ, ಕರ್ಪೂರ ಹಿಡಿದು ಕಾಂಪೌಂಡಿನ ಆಚೆ ನೆರೆದಿದ್ದರು. ಹೋಳಿಗೆಯಲ್ಲಿ ಪಾಲು ಹಾಕಿದವರೆಲ್ಲ ಇದ್ದರು.

ಮೋತಿ ರಾಯರನ್ನು ಮತ್ತೆ ಪಾದದಿಂದ ನೋಡುತ್ತ ಬಂದು, ಈ ಸಲ ರುಮಾಲಿನವರೆಗೆ ಹೋಗಲೇ ಇಲ್ಲ. ನಡುವೆಯೇ ನಿಂತುಬಿಟ್ಟಿತು.

"ಅವ್ರು ಸರದಿಲ್ಲ, ರಾಯರ್ರ. ಇನ್ನೊಬ್ರನ್ನ ಕರಕೊಂಡು ಬಂದಾರ" ಎಂದು ಜಿಲಾನಿ ಪಾಷಾ ಪಿಸುಗುಟ್ಟಿದ.

"ಎತ್ತೋ ಮಾರಾಯ" ಎಂದರು ರಾಯರು.

ಅವನು ಒಂದು ಕಡೆ, ಇಬ್ಬರು ಚಪರಾಸಿಗಳು ಇನ್ನೊಂದು ಕಡೆ ಹಿಡಿದು ಎತ್ತಿದರು. ರಾಯರು ಏರಿದರು. ಒಂದು ಕ್ಷಣ ಅವರಿಗೆ ದೇವದುರ್ಗ ಕಂಡಿತು. ಮರುಕ್ಷಣ ಜೀನಿನ ಪಟ್ಟಿ ಜಾರಿ, ಜೀನು ಪಕ್ಕಕ್ಕೆ ವಾಲಿ, ಜೀನಿನ ಜೊತೆ ರಾಯರೂ ತಿರುಗಿ ಕುದುರೆಯ ಕೆಳಗೆ ಬಂದರು. ಕೊರಳನ್ನು ಕೈಯಿಂದ, ಬೆನ್ನನ್ನು ಕಾಲಿನಿಂದ ಅಪ್ಪಿಕೊಂಡು ಜೋತುಬಿದ್ದರು. ಎರಡು ಹೊಟ್ಟೆಗಳು ಎದುರುಬದುರಾದವು. ಶೇರವಾನಿಯ ಗುಂಡಿಯೊಂದು ಸಿಡಿದು ಸಾಹೇಬರ ಕುರ್ಚಿಯ ಕಾಲಿಗೆ ಬಡಿಯಿತು. ಮೋತಿ ಏನೂ ಆಗದಂತೆ ಅವರನ್ನು ಹೊತ್ತು ತನ್ನ ಕಣಿಕೆಯ ಬಳಿ ಹೋಗಿ ಮೇಯತೊಡಗಿತು.

ಸಾಹೇಬರು ಎದ್ದು ನಿಂತರು. "ಚಿಕ್ಕಂದಿನಿಂದ ರೂಢಿ ಎಂದೆಯಲ್ಲ? ಇದೇನು ತಮಾಷೆ?"

ಗಿರ್ದಾವರಿ ಹೋಯಿತು, ಗಬ್ಬೂರು ಹೋಯಿತು, ಇದ್ದ ನೌಕರಿಯೂ ಹೋಗಬಹುದು ಎಂದು ರಾಯರು ಕುದುರೆಯ ಕೆಳಗಿನಿಂದ ಲೆಕ್ಕ ಹಾಕುತ್ತಿದ್ದರು. ಆಗ ಕಾಂಪೌಂಡಿನ ಆಚೆಯಿಂದ ತುಂಗಾಬಾಯಿಯ ದನಿ ಕೇಳಿತು. ಸಾಹೇಬರ ಜೊತೆ ಮನೆ ಹೆಣ್ಣುಮಗಳು ನೇರ ಮಾತಾಡುವಂತಿರಲಿಲ್ಲ. ಆಕೆ ಸೆರಗು ಹೊದ್ದು, ಪಕ್ಕದ ಸತ್ಯಭಾಮಾಬಾಯಿಗೆ, ಆದರೆ ಊರಿಗೆಲ್ಲ ಕೇಳುವಂತೆ ಹೇಳಿದರು.

"ನಾ ಮೊದಲ ಹೇಳಿದ್ದೆ ಅತ್ತ್ಯಾ. ಹರಕಿ ತೀರೂತನಕ ಕಾಲ್ನಡಿಗೀಲೆ ತಿರುಗಬೇಕು, ಪ್ರಾಣಿ ಮ್ಯಾಲ ಕೂಡಬಾರ್ದು ಅಂತ. ಸಾಹೇಬರ ಹುಕುಂ ಮೀರಬಾರ್ದು ಅಂತ ಏರಿದ್ರು. ಪ್ರಾಣದೇವ್ರು ಕೆಳಗ ಇಳಿಸಿದ."

"ಇಳಿಸಿದ, ನಾ ಕಣ್ಣಾರೆ ಕಂಡೆ" ಎಂದರು ಸತ್ಯಭಾಮಾಬಾಯಿ. ಓಣಿಯವರೆಲ್ಲ ಕೆನ್ನೆ ಬಡಿದುಕೊಂಡರು. ಜಿಲಾನಿ ಪಾಷಾ ಹರಕೆಯನ್ನು ಉರ್ದು ಮಾಡಿ ಸಾಹೇಬರಿಗೆ ಹೇಳಿದ, "ಮನ್ನತ್ ಹೊತ್ತಿದ್ದಾರೆ ಹುಜೂರ್" ಎಂದು.

ಸಾಹೇಬರ ಮುಖ ಮೆತ್ತಗಾಯಿತು. ಅವರ ಅಜ್ಜಿ ಮನ್ನತ್ ಹೊತ್ತು ದರ್ಗಾಕ್ಕೆ ಬರಿಗಾಲಲ್ಲಿ ನಡೆದವರಂತೆ. "ಮನ್ನತ್ ಮುರಿಯುವುದು ಪಾಪ. ಗಿರ್ದಾವರಿ ನಿನ್ನದೇ. ಮನ್ನತ್ ತೀರುವವರೆಗೆ ಹಳ್ಳಿಗಳನ್ನೆಲ್ಲ ನಡೆದೇ ತಿರುಗು. ಕುದುರೆ ಸರ್ಕಾರದ್ದು, ಅದೂ ಜೊತೆಗಿರಲಿ. ಮನ್ನತ್ ತೀರುವುದು ಯಾವಾಗ?"

ಪ್ರಶ್ನೆ ಜಿಲಾನಿ ಪಾಷಾನಿಂದ ಸತ್ಯಭಾಮಾಬಾಯಿಗೆ, ಸತ್ಯಭಾಮಾಬಾಯಿಯಿಂದ ತುಂಗಾಬಾಯಿಗೆ ಹೋಯಿತು. ರಾಯರು ತಲೆಕೆಳಗಾಗಿಯೇ ಹೆಂಡತಿಯ ಕಡೆ ನೋಡಿದರು. ಒಂದು ತಿಂಗಳು ಎನ್ನು ತುಂಗಾ, ಎರಡು ಎನ್ನು, ಎಂದು ಕಣ್ಣಿನಲ್ಲಿಯೇ ಬೇಡಿಕೊಂಡರು.

"ಉಡದಾರ ಸಡಲಾಗೂತನಕ" ಎಂದರು ತುಂಗಾಬಾಯಿ.

ಪ್ರಾಣೇಶರಾಯರು ಈಗ ದೇವದುರ್ಗದ ಗಿರ್ದಾವರರು. ಬೆಳಿಗ್ಗೆ ಬೇಗ ಎದ್ದು ನಡೆಯುತ್ತ ಹಳ್ಳಿಗಳಿಗೆ ಹೋಗುತ್ತಾರೆ. ಮೋತಿ ಅವರ ಬಸ್ತೆ ಹೊತ್ತು ಹಿಂದೆ ಬರುತ್ತದೆ. ಅವರ ಹರಕೆಯ ಸುದ್ದಿ ಅವರಿಗಿಂತ ಮುಂಚೆ ಊರು ಮುಟ್ಟಿರುವುದರಿಂದ, ಹೋದ ಊರಲ್ಲೆಲ್ಲ ಒಂದು ಎಲೆ ಹಾಸಿರುತ್ತದೆ.