ಹದಿನೈದು ಮಂದಿ ಸಿಕ್ಕರೆ ಜಗತ್ತು

ನಾನು ಏನಾದರೂ ಹೊಸದು ಕಲಿಯಲು ಹೊರಟಾಗಲೆಲ್ಲ, ನನಗೆ ಗೊತ್ತಿರುವುದನ್ನೇ ಕಲಿಸಲು ಯಾರೋ ಒಬ್ಬರು ಎದುರಿಗೆ ಬಂದು ನಿಲ್ಲುತ್ತಾರೆ. ಒಂದೆರಡು ಸಲವಾಗಿದ್ದರೆ ನಕ್ಕು ಬಿಡುತ್ತಿದ್ದೆ. ಈಗ ನಗುವುದಕ್ಕೂ ಬೇಸರ.

೧. ಅರ್ಜಿ ಕಿಟಕಿ

ಕೌಲ್ ಬಜಾರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಜೀನ್ಸ್ ಹೊಲಿಯುತ್ತಿದ್ದೇನೆ. ಓದಲು ಕಲಿತದ್ದು ಪ್ಯಾಂಟಿನ ಗುಂಡಿಗಳನ್ನು ಸುತ್ತಿ ಕೊಡುತ್ತಿದ್ದ ಹಳೆಯ ಪೇಪರುಗಳಿಂದ. ಹೊರದೇಶದ ಸುದ್ದಿಯ ರುಚಿ ಹತ್ತಿದ್ದೂ ಅಲ್ಲೇ. ಹಟ ಹಿಡಿದು ಪಿಯುಸಿ ಮುಗಿಸಿ, ನಲವತ್ನಾಲ್ಕಕ್ಕೆ ಡಿಗ್ರಿ ಸೇರಿದೆ. ಮುಖ್ಯ ವಿಷಯದ ಜೊತೆ ಒಂದು ಮೈನರ್ ಆರಿಸಬೇಕಿತ್ತು. ಗುಮಾಸ್ತ ನನ್ನ ಕೊರಳಿನ ಟೇಪು ನೋಡಿ ಹೊಲಿಗೆ ಕೌಶಲ್ಯ ತೆಗೆದುಕೊಳ್ಳಲು ಹೇಳಿದ. ನಾನು ಅಂತರರಾಷ್ಟ್ರೀಯ ವ್ಯವಹಾರಗಳಿಗೆ ಗುರುತು ಹಾಕಿದೆ.

"ಹದಿನೈದು ಮಂದಿ ಆಗ್ಲಿಲ್ಲಂದ್ರ ಕ್ಲಾಸ್ ನಡ್ಯಂಗಿಲ್ರಿ ಅಮ್ಮಾರ," ಅಂದ.

ಈಗ ಎಷ್ಟಾಗಿದ್ದಾರೆ ಎಂದು ಕೇಳಿದೆ.

"ನೀವು."

೨. ಚಹಾದಂಗಡಿಯ ಒಪ್ಪಂದ

ಉಳಿದ ಹದಿನಾಲ್ಕು ಮಂದಿಯನ್ನು ನಾನೇ ಹುಡುಕಿದೆ. ವಿಷಯ ಏನೆಂದು ಒಬ್ಬರೂ ಕೇಳಲಿಲ್ಲ; ಎಲ್ಲರೂ ಕೇಳಿದ್ದು ಬಸ್ಸಿನ ಬಗ್ಗೆ. ಸಿರುಗುಪ್ಪ ಕಡೆಯವರ ಬಸ್ಸು ಮೂರೂವರೆಗೆ, ಕುರುಗೋಡಿನವರದು ಐದಕ್ಕೆ. ಅವರಿಗೆ ಕ್ಲಾಸು ಬೇಗ ಮುಗಿಯಬೇಕು, ಇವರಿಗೆ ತಡವಾಗಿ ಶುರುವಾಗಬೇಕು. ಮೂರು ದಿನ ಚಹಾದಂಗಡಿಯಲ್ಲಿ ಎರಡೂ ಕಡೆಯವರನ್ನು ಕೂರಿಸಿಕೊಂಡು ಮಾತಾಡಿದೆ. ಕೊನೆಗೆ ಎರಡೂಮುಕ್ಕಾಲಿನಿಂದ ಮೂರೂಕಾಲಿನವರೆಗೆ ಎಂದು ತೀರ್ಮಾನವಾಯಿತು. ಚಹಾ ನನ್ನದು.

ಏಳುವಾಗ ಸಿರುಗುಪ್ಪ ಕಡೆಯ ಹಚ್ಚೊಳ್ಳಿಯ ಹುಡುಗಿ, "ಅಕ್ಕಾ, ಈ ಸಬ್ಜೆಕ್ಟಿನ್ಯಾಗ ಏನ್ ಕಲಸ್ತಾರ?" ಅಂದಳು.

"ಇದನ್ನ."

೩. ಎಲ್ಲರ ವಿಷಯ

ಇದು ಹಲವು ವಿಭಾಗಗಳು ಸೇರಿ ಕಲಿಸುವ ವಿಷಯವಂತೆ. ಅರ್ಥಶಾಸ್ತ್ರದ ಸರ್ ಬಂದರು, ಪುಸ್ತಕ ತೆರೆದರು, ಯುದ್ಧದ ಪಾಠ ಕಂಡು ಇತಿಹಾಸದವರಿಗೆ ಸೇರಿದ್ದು ಎಂದು ಹೋದರು. ಇತಿಹಾಸದ ಮೇಡಂ ವ್ಯಾಪಾರದ ಪಾಠ ತೆರೆದು ಅರ್ಥಶಾಸ್ತ್ರದವರಿಗೆ ಒಪ್ಪಿಸಿದರು. ರಾಜ್ಯಶಾಸ್ತ್ರದ ಸರ್ ಬೇರೆ ಕೆಲಸದಲ್ಲಿದ್ದರು. ಹುಡುಗರು ಚದುರಿದರೆ ಹದಿನೈದರ ಲೆಕ್ಕ ಕೆಡುತ್ತದೆ ಎಂದು, ರಾತ್ರಿ ಓದಿಕೊಂಡು ಬಂದು ಮೂರು ವಾರ ನಾನೇ ಬೋರ್ಡಿನ ಮುಂದೆ ನಿಂತೆ.

ತಿಂಗಳ ಕೊನೆಗೆ ನೋಡಿದರೆ ನನ್ನೊಬ್ಬಳಿಗೇ ಹಾಜರಿ ಇಲ್ಲ. ಪಾಠ ಮಾಡುವವರಿಗೆ ಹಾಜರಿ ಹಾಕುವ ಪದ್ಧತಿ ಇಲ್ಲವಂತೆ.

೪. ಎರಡು ದೇಶ, ಒಂದು ನದಿ

ಅಂತೂ ರಾಜ್ಯಶಾಸ್ತ್ರದ ಸರ್ ಬಂದರು. ಅಣಕು ಶೃಂಗಸಭೆ ಮಾಡಿಸಿದರು: ಒಂದು ನದಿ, ಎರಡು ದೇಶ. ಮೇಲಿನ ದೇಶ ಕುರುಗೋಡು ಕಡೆಯ ಬಾದನಹಟ್ಟಿಯ ಹುಡುಗ, ಕೆಳಗಿನ ದೇಶ ಹಚ್ಚೊಳ್ಳಿಯ ಹುಡುಗಿ. ಇಬ್ಬರ ಮನೆಯವರೂ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವವರು. ಹತ್ತು ನಿಮಿಷ "ಮಾನ್ಯ ರಾಷ್ಟ್ರವೇ" ಎಂದು ಚೆನ್ನಾಗಿಯೇ ನಡೆಯಿತು. ಆಮೇಲೆ ಮೇಲಿನ ದೇಶ ತಾನು ಎಂದೂ ಹೆಚ್ಚು ನೀರು ಬಳಸಿಲ್ಲ ಎಂದಿತು.

"ನಿನ್ನ ದೇಶ ಅಲ್ಲಲೇ, ನಿಮ್ಮ ದೊಡ್ಡಪ್ಪ. ನಮ್ಮ ನೀರಿನ ಪಾಳಿ ದಿನ ತೂಬು ಎತ್ತಿದಾಂವ ಅವನ."

"ನೀ ನೋಡೀಯೇನು?"

"ನಮ್ಮ ಭತ್ತ ನೋಡೈತಿ."

ಸಭಾಧ್ಯಕ್ಷರಾದ ಸರ್ ಎದ್ದು ನಿಂತರು. ಸಮಾಧಾನ ಮಾಡುತ್ತಾರೆ ಅಂದುಕೊಂಡೆ. ಅವರ ಹೊಲವೂ ಕಾಲುವೆಯ ಕೊನೆಗೇ ಇದೆಯಂತೆ. ಅವರ ತೂಬಿನ ಕಥೆ ಇನ್ನೂ ಉದ್ದವಿತ್ತು.

ಮರುದಿನ ಎರಡೂ ದೇಶಗಳು ನನ್ನ ಹೊಲಿಗೆ ಅಂಗಡಿಗೆ ಬಂದವು. ರಾಜಿಯಾಯಿತು ಎಂದುಕೊಂಡು ಸ್ಟೂಲು ಎಳೆದು ಕೊಟ್ಟೆ. ಒಬ್ಬರ ಮುಖ ಒಬ್ಬರು ನೋಡದೆ ಒಂದೇ ಕಾಗದ ಚಾಚಿದರು: ವಿಷಯ ಬದಲಾವಣೆಯ ಅರ್ಜಿ. ಬೇಡ ಎಂದು ಬೇಡಿಕೊಂಡೆ, ಕೇಳಲಿಲ್ಲ. ಆದರೆ ಅದರಲ್ಲಿ ನಾಲ್ಕು ಸಾಲಿಗೆ ಆರು ತಪ್ಪು. ನಾನು ಮೂರು ವಾರ ಪಾಠ ಮಾಡಿದ ಮಕ್ಕಳು ಇಂಥ ಕಾಗದ ಒಯ್ಯುವುದೆಂದರೇನು? ಹರಿದು ಹಾಕಿ, ಚಂದಗೆ ನಾನೇ ಬರೆದುಕೊಟ್ಟೆ. ಎರಡು ದೇಶಗಳೂ ಅಕ್ಕಪಕ್ಕದಲ್ಲಿ ಸಹಿ ಹಾಕಿದವು.

ಹದಿಮೂರು ಮಂದಿ ಉಳಿದೆವು. ಕ್ಲಾಸು ಮುಚ್ಚಿತು. ಗುಮಾಸ್ತ ಕೇಳದೆಯೇ ನಮ್ಮೆಲ್ಲರನ್ನೂ ಹೊಲಿಗೆ ಕೌಶಲ್ಯಕ್ಕೆ ಹಾಕಿದ. ಮೊದಲ ಪಾಠ, ಸೂಜಿಗೆ ದಾರ ಪೋಣಿಸುವುದು. ನನ್ನ ಮಗಳ ವಯಸ್ಸಿನ ಮೇಡಂ ಮೂರು ಸಲ ತೋರಿಸಿಕೊಟ್ಟಳು. ನಾನು ಒಂದೇ ಸಲಕ್ಕೆ ಪೋಣಿಸಿದೆ.

"ಭಾರಿ ಹಾಕಿದ್ರಿ ಅಮ್ಮಾರ. ಮೊದ್ಲು ಇದ ಕೆಲಸದಾಗ ಇದ್ರೇನು?"

"ಇಲ್ಲವ್ವ," ಅಂದೆ. "ಅಂತರರಾಷ್ಟ್ರೀಯ ವ್ಯವಹಾರದಾಗ ಇದ್ದೆ."