ಯಾವ ಮಾತಿಗೆ ನಿದ್ದೆ ಬಂತು?

ಪಾಠ ಕೇಳುತ್ತ ನಿದ್ದೆ ಹೋದವನನ್ನು ಎಲ್ಲ ಮಾಸ್ತರರೂ ಬೈಯುತ್ತಾರೆ. ಆದರೆ ನಿದ್ದೆ ಹೋದವನ ಮನೆ ಬಾಗಿಲಿಗೇ ಹೋಗಿ, "ಸಿಟ್ಟಿಲ್ಲಪಾ, ಯಾವ ಮಾತಿಗಿ ನಿದ್ದಿ ಬಂತು, ಅಷ್ಟ ಹೇಳು" ಎಂದು ಕೈ ಹಿಡಿದು ಕೇಳುವವನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕಾಣಬೇಕಿದ್ದರೆ ಶಹಾಪುರದ ನಮ್ಮ ಮನೆಗೆ ಬನ್ನಿ. ನಾನು ಚಹಾ ಕೊಡುತ್ತೇನೆ. ಅವನು ಪಾಠ ಕೊಡುತ್ತಾನೆ. ಆಮೇಲೆ ನನ್ನನ್ನು ಬೈಯಬೇಡಿ!

ಅವನು ನನ್ನ ಮೈದುನ, ಗಂಡನ ತಮ್ಮ. ಸುರಪುರದ ಒಂದು ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಾನೆ. ಮದುವೆಯಾಗಲಿಲ್ಲ. ಹರೆಯದಲ್ಲಿ ಕನ್ಯೆ ನೋಡಲು ಹೋದಾಗ ಆ ಹುಡುಗಿಗೆ, "ನನ್ನ ಮಾತಿನಾಗ ನಿಮಗ ಬ್ಯಾಸರ ಬಂದದ್ದು ಯಾವುದ್ರಿ?" ಎಂದು ಕೇಳಿದ. ಅವಳು "ಎಲ್ಲಾ" ಎಂದಳು. ಇವನು ಕುಣಿಯುತ್ತ ಮನೆಗೆ ಬಂದು, "ವೈನಿ, ಹುಡುಗಿ ಖರೇ ಮಾತಾಡ್ತಾಳ್ರಿ!" ಎಂದ. ಸಂಬಂಧ ಮುರಿದುಬಿದ್ದಿದೆ ಎಂದು ಅವನಿಗೆ ಹೊಳೆದದ್ದು ಮರುದಿನ!

ನಮ್ಮ ಸೀಮೆಯ ಇತಿಹಾಸದ ಮೇಲೆ ಅವನು ಕಾಲೇಜಿನಲ್ಲಿ ಒಂದು ಕೋರ್ಸು ಶುರು ಮಾಡಿಸಿದ್ದಾನೆ. ಮಕ್ಕಳು ಬೇಕಾದರೆ ತೆಗೆದುಕೊಳ್ಳಬಹುದು, ಬೇಡವಾದರೆ ಬಿಡಬಹುದು. ಹೋದ ವರ್ಷ ಪ್ರಿನ್ಸಿಪಾಲರು ಕರೆದು ಹೇಳಿದರು: ಯೂನಿವರ್ಸಿಟಿಯವರು ಬಂದು ಕೂತು ನೋಡುತ್ತಾರೆ, ಮಕ್ಕಳಿಗೆ ಇದರಲ್ಲಿ ಮನಸ್ಸಿದೆ ಎಂದು ಕಾಣದಿದ್ದರೆ ಕೋರ್ಸು ಬಂದ್. ಅಂದಿನಿಂದ ಮೈದುನ ಮನುಷ್ಯನಾಗಿ ಉಳಿಯಲಿಲ್ಲ, ತಕ್ಕಡಿಯಾದ. ಯಾರ ಮನಸ್ಸು ಎಷ್ಟಿದೆ ಎಂದು ತೂಗುವುದೇ ಅವನ ಕೆಲಸ.

ಮೊದಲು ತೂಗಿದ್ದು ನನ್ನನ್ನು. ನಾನು ಜೋಳ ಹಸನು ಮಾಡುತ್ತ ಕೂತಿದ್ದೆ. ಎದುರಿಗೆ ನಿಂತು ಪಾಠ ಶುರು ಹಚ್ಚಿದ. ನಾನು "ಹ್ಞೂಂ, ಹ್ಞೂಂ" ಎನ್ನುತ್ತಲೇ ಇದ್ದೆ. ಮುಗಿಸಿ ಕೇಳಿದ: "ಏನು ತಿಳೀತ್ರಿ ವೈನಿ?"

"ಏನೂ ತಿಳೀಲಿಲ್ಲ."

"ಮತ್ತ ಹ್ಞೂಂ ಅಂದ್ರಲ್ಲಾ!"

"ನೀ ಮಾತಾಡಾಕತ್ತಿದ್ದಿ. ಸುಮ್ಮನ ಕುಂತ್ರ ಚಂದ ಕಾಣ್ತದೇನು?"

ನಮ್ಮ ಕಡೆ ಇದು ಮರ್ಯಾದೆ. ಎದುರಿಗಿದ್ದವರು ದೊಡ್ಡವರಾದರೆ "ಹೌದ್ರಿ" ಅನ್ನಬೇಕು. ಕಿವಿ ಎಲ್ಲೇ ಇರಲಿ, ಬಾಯಿ ಹಾಜರಿರಬೇಕು. ಇಷ್ಟು ವರ್ಷ ಇಲ್ಲೇ ಅನ್ನ ತಿಂದ ಮಾಸ್ತರನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ತನ್ನ ಕ್ಲಾಸಿನ "ಹೌದ್ರಿ ಸರ್" ಬೇರೆ, ಅದು ಎದೆಯಿಂದ ಬರುತ್ತದೆ ಎಂದು ನಂಬಿಕೊಂಡಿದ್ದ!

ಪಾಠ ಹೇಗಿದೆ ಎಂದು ಕಾಗದ ಕೊಟ್ಟು ಮಕ್ಕಳನ್ನು ಕೇಳಿದ. ಎಲ್ಲರೂ "ಬಹಳ ಉತ್ತಮ" ಎಂದು ಗುರುತು ಹಾಕಿದರು. ಕಾಗದದಲ್ಲಿ ಈಜುಕೊಳದ ಬಗ್ಗೆಯೂ ಒಂದು ಪ್ರಶ್ನೆ ಇತ್ತಂತೆ, ಯಾವುದೋ ದೊಡ್ಡ ಕಾಲೇಜಿನ ಕಾಗದ ನೋಡಿ ಮಾಡಿಸಿದ್ದು. ಕಾಲೇಜಿನಲ್ಲಿ ಕುಡಿಯುವ ನೀರಿಗೇ ತತ್ವಾರ. ಆದರೂ ಈಜುಕೊಳ "ಬಹಳ ಉತ್ತಮ"!

ಮೈದುನನಿಗೆ ಆಗ ಅನುಮಾನ ಹತ್ತಿತು. ಮರುದಿನ ಕ್ಲಾಸಿಗೆ ಹೋಗಿ, ಬುದ್ಧ ಮಲಗಿದಂತೆ ಕಾಣುವ ನಮ್ಮ ಶಹಾಪುರದ ಬೆಟ್ಟದ ಪಾಠ ತೆಗೆದ. "ಈ ಬೆಟ್ಟ ಮೊದಲು ಇಲ್ಲಿರಲಿಲ್ಲ. ನಿಜಾಮರು ಹೈದರಾಬಾದಿನಿಂದ ಯಾದಗಿರಿ ಸ್ಟೇಷನ್ನಿಗೆ ರೈಲಿನಾಗ ತರಿಸಿ, ಅಲ್ಲಿಂದ ಬಂಡಿ ಮ್ಯಾಲ ಹೇರಿಸಿ ಶಹಾಪುರಕ್ಕ ತಂದು ಮಲಗಿಸಿದ್ರು" ಎಂದ.

"ಹೌದ್ರಿ ಸರ್!" ಎಂದಿತು ಇಡೀ ಕ್ಲಾಸು.

ಆ ಬೆಟ್ಟ ನೋಡಿಕೊಂಡೇ ಹಲ್ಲುಜ್ಜುವ ಹುಡುಗರೂ ಹಾಗೆಯೇ ಅಂದರು. ಮುಂದಿನ ಟೆಸ್ಟಿನಲ್ಲಿ ಅದನ್ನೇ ಬರೆದರು. ಒಬ್ಬನಂತೂ ಎತ್ತುಗಳ ಬಣ್ಣ ಸಹ ಬರೆದಿದ್ದ!

ಅಂದು ಮೈದುನ ಉಣ್ಣಲಿಲ್ಲ. "ವೈನಿ, ಇಷ್ಟು ವರ್ಷ ನಾ ಗ್ವಾಡಿಗಿ ಪಾಠ ಹೇಳೀನಿ" ಎಂದ.

"ಗ್ವಾಡಿ ಹೌದ್ರಿ ಅನ್ನಂಗಿಲ್ಲ. ಅದಕ್ಕ ಅದೇ ಛಲೋ" ಎಂದೆ. ಸಮಾಧಾನ ಮಾಡುವುದು ನನಗೆ ಬರುವುದಿಲ್ಲ.

ಆದರೆ ಬಿಡುವ ಕುಳವಲ್ಲ ಅವನು. ಮಕ್ಕಳ ಮುಂದೆ ಹೋಗಿ, "ನಾ ಸುಳ್ಳು ಹೇಳಿದ್ದೆ, ನೀವು ಹೌದಂದ್ರಿ. ಇಬ್ಬರದೂ ತಪ್ಪು. ಇವತ್ತಿನಿಂದ ಈ ಕ್ಲಾಸಿನಾಗ ಹೌದ್ರಿ ಅನ್ನಂಗಿಲ್ಲ. ಮುಗಿಯೂದ್ರೊಳಗ ಒಬ್ಬರರೇ ಇಲ್ರಿ ಅನ್ನಬೇಕು" ಎಂದ. ಪಾಪ, ಮಕ್ಕಳು ಬೆವೆತುಹೋದರು. ಗುರುಗಳಿಗೆ ಇಲ್ಲ ಅನ್ನುವುದೆಂದರೇನು! ಎಷ್ಟೋ ದಿನ ಕ್ಲಾಸು ಮೂಕವಾಗಿತ್ತು. ಕಡೆಗೆ ಹುಣಸಗಿಯಿಂದ ಬರುವ ಒಬ್ಬ ಹುಡುಗಿ ಎದ್ದಳು. "ಸಿಟ್ಟಾಗಬ್ಯಾಡ್ರಿ ಸರ್. ನೀವು ಬೋರ್ಡಿನ ಜೋಡಿ ಮಾತಾಡ್ತೀರಿ, ನಮ್ಮ ಜೋಡಿ ಅಲ್ಲ."

ಮೈದುನ ಬೋರ್ಡಿಗೆ ಬೆನ್ನು ಹಾಕಿದ. ಇನ್ನೊಬ್ಬ, "ಗುಡಿ ಗುಡಿ ಅಂತೀರಿ, ಒಂದ ಗುಡಿನೂ ತೋರ್ಸಿಲ್ರಿ" ಎಂದ. ಮೈದುನ ಎಲ್ಲರನ್ನೂ ಟಂಟಂ ಗಾಡಿಯಲ್ಲಿ ತುಂಬಿಕೊಂಡು ಶಿರವಾಳದ ಹಳೆಯ ಗುಡಿಗಳಿಗೆ ಕರೆದೊಯ್ದ. ಅವರು ಬೇಡವೆಂದ ಪಾಠ ಕಿತ್ತು ಹಾಕಿದ, ಕೇಳಿದ ಪಾಠ ಸೇರಿಸಿದ. ಹಳೇ ಮನೆ ರಿಪೇರಿ ಮಾಡಿದ ಹಾಗೆ ಕೋರ್ಸು ರಿಪೇರಿ ಮಾಡಿದ.

ಯೂನಿವರ್ಸಿಟಿಯವರು ಬರುವ ಹಿಂದಿನ ದಿನ ಪ್ರಿನ್ಸಿಪಾಲರು ಮನೆಗೇ ಫೋನು ಮಾಡಿದರು. "ಸರ್, ನಾಳೆ ಒಂದ ದಿನ ಹುಡುಗ್ರಿಗಿ ಹೌದ್ರಿ ಅನ್ನಾಕ ಹೇಳ್ರಿ. ಕೋರ್ಸ್ ಉಳೀತದ."

"ಹೇಳಂಗಿಲ್ರಿ" ಎಂದು ಫೋನು ಇಟ್ಟುಬಿಟ್ಟ.

ಮರುದಿನ ನನ್ನನ್ನೂ ಕರೆದೊಯ್ದ. ಹಿಂದಿನ ಬೆಂಚಿನಲ್ಲಿ ಕೂತು ಯಾರು ತೂಕಡಿಸುತ್ತಾರೆಂದು ನಾನು ನೋಡಬೇಕಂತೆ! ಬಂದ ಇಬ್ಬರು ಸಾಹೇಬರೂ ನನ್ನ ಪಕ್ಕದಲ್ಲೇ ಕೂತರು. ಶಿರವಾಳದ ಗುಡಿಗಳನ್ನು ರಾಜರು ಪುಣ್ಯಕ್ಕಾಗಿ ಕಟ್ಟಿಸಿದರು ಎಂದು ಮೈದುನ ಹೇಳಿದ್ದೇ ತಡ, ಹುಣಸಗಿ ಹುಡುಗಿ ಎದ್ದಳು.

"ಇಲ್ರಿ ಸರ್. ಪುಣ್ಯಕ್ಕ ಒಂದ ಗುಡಿ ಸಾಕು. ಒಂದ ಊರಾಗ ಅಷ್ಟ್ಯಾಕ?"

"ಒಬ್ರು ಕಟ್ಸಿದ್ರಂತ ಇನ್ನೊಬ್ರು ಕಟ್ಸಿರ್ತಾರ," ಎಂದ ಕಿಟಕಿ ಪಕ್ಕದ ಹುಡುಗ, "ಈಗ ಫಂಕ್ಷನ್ ಹಾಲ್ ಕಟ್ಸಂಗ!"

"ಹಂಗಾದ್ರ ಅಷ್ಟು ರೊಕ್ಕ ಆ ಊರಿಗಿ ಎಲ್ಲಿಂದ ಬಂತಲೇ? ಸರ್, ನೀವ ಹೇಳ್ರಿ" ಎಂದಳು ಹುಡುಗಿ.

ಮೈದುನ ಸೀಮೆಸುಣ್ಣ ಕೆಳಗಿಟ್ಟ. "ನನಗ ಗೊತ್ತಿಲ್ಲವ್ವಾ" ಎಂದ.

ಬಾಗಿಲಲ್ಲಿ ನಿಂತಿದ್ದ ಪ್ರಿನ್ಸಿಪಾಲರು ಕರ್ಚೀಫು ತೆಗೆದು ಮುಖ ಮುಚ್ಚಿಕೊಂಡರು. ಕ್ಲಾಸು ಸಂತೆಯಾಯಿತು. ಸಾಹೇಬರು ಏನೋ ಬರೆದುಕೊಂಡು, ಏನೂ ಹೇಳದೆ ಹೋದರು. ಕೋರ್ಸು ಉಳಿಸಿದ್ದೇವೆ ಎಂದು ಅವರು ಬರೆದು ತಿಳಿಸಿದ್ದು ಎಷ್ಟೋ ದಿನದ ಮೇಲೆ. ಆ ಸಂಜೆ ನಮಗೆ ಏನೂ ಗೊತ್ತಿರಲಿಲ್ಲ.

ಬಸ್ ಸ್ಟ್ಯಾಂಡಿಗೆ ಬಂದೆವು. ಮಕ್ಕಳೂ ಜಗಳಾಡುತ್ತಲೇ ಹಿಂದೆ ಬಂದರು. ಹುಣಸಗಿ ಬಸ್ಸು ಬಂತು. ಹುಡುಗಿ ತಿರುಗಿಯೂ ನೋಡಲಿಲ್ಲ.

"ತಂಗಿ, ನಿನ್ನ ಬಸ್ಸು" ಎಂದ ಮೈದುನ.

"ಹೋಗ್ಲಿ ಬಿಡ್ರಿ ಸರ್, ಇನ್ನೊಂದು ಬರ್ತದ. ಮೊದಲ ಈ ಮಾತು ಮುಗಸ್ರಿ."

ಬಸ್ಸು ಹೋಯಿತು. ಮೈದುನ ಕನ್ನಡಕ ತೆಗೆದು ಅಂಗಿ ತುದಿಯಲ್ಲಿ ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಆಮೇಲೆ ಆ ಮಕ್ಕಳ ನಡುವೆ ನಿಂತು, ಕೈ ಬೀಸಿ ಬೀಸಿ, ವಾದಕ್ಕೆ ಇಳಿದ. ನಾನು ಈ ಮನೆಗೆ ಮದುವೆಯಾಗಿ ಬಂದಾಗಿನಿಂದ ಅವನನ್ನು ನೋಡಿದ್ದೇನೆ. ಆ ಮುಖ ನೋಡಿರಲಿಲ್ಲ.

ಅಷ್ಟರಲ್ಲಿ ನಮ್ಮ ಶಹಾಪುರದ ಬಸ್ಸು ಬಂತು. ನಾನು ಒಂದು ಕಾಲು ಮೆಟ್ಟಿಲ ಮೇಲಿಟ್ಟೆ, ಇನ್ನೊಂದನ್ನು ನೆಲದ ಮೇಲೆಯೇ ಬಿಟ್ಟೆ.

"ಯಮ್ಮಾ, ಹತ್ತತೀಯೋ ಇಳೀತೀಯೋ?" ಎಂದು ಕಂಡಕ್ಟರ್ ಒದರಿದ.

"ಮೊಣಕಾಲು ಬ್ಯಾನಿಯಪ್ಪಾ. ನಿಧಾನ ಹತ್ತತೀನಿ."

ನನ್ನ ಮೊಣಕಾಲಿಗೆ ಏನೂ ಆಗಿರಲಿಲ್ಲ. ಬಾಗಿಲ ಕಂಬಿ ಗಟ್ಟಿಯಾಗಿ ಹಿಡಿದು, ಮೈದುನನ ಮಾತು ಮುಗಿಯುವವರೆಗೆ ಹಾಗೆಯೇ ನಿಂತೆ.